ಐಸ್‌ಬರ್ಗ್ ಎಲಿ, ಶೇಂಗಾ ಹಿಂಡಿ

ಗೋವಾದ ಮ್ಹಾಪಸಾ ಪೇಟೆಯ ಹೋಟೆಲ್ಲೊಂದರ ಹಿಂಬಾಗಿಲಿಗೆ ಟೆಂಪೋ ನಿಲ್ಲಿಸಿದ್ದೆ. ಬೆಳಗಾವಿಯಿಂದ ನಾನು ತಂದ ಕೋಸಿನಂಥ ಐಸ್‌ಬರ್ಗ್ ಲೆಟ್ಯೂಸ್ ಸೊಪ್ಪಿನ ಕ್ರೇಟನ್ನು ಹೊಸ ಅಡುಗೆಯವ ಇಳಿಸಿಕೊಳ್ಳಲಿಲ್ಲ. ಆತ ಕಾರವಾರದ ಕಡೆಯವ.

“ಬರೀ ನೀರು ಮಾರಾಯ್ರೇ ಇದು. ಈಗಿನ ಸಲಾಡಿಗೆ ಸ್ವಲ್ಪ ಕಹಿ ಇರೋ ಸೊಪ್ಪು ಬೇಕು. ವಾಪಸ್ ತಗೊಂಡು ಹೋಗಿ,” ಅಂದ.

ನಾನು ಐದನೇ ಇಯತ್ತೆಗೇ ಸಾಲಿ ಬಿಟ್ಟವ, ಖರೇ. ಆದರೆ ಹಸಿ ಸೊಪ್ಪು ತಿನ್ನೋದನ್ನ ನನಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮ ಮನಿಯಾಗ ಹಕ್ಕರಕಿ ಸೊಪ್ಪು, ಮೂಲಂಗಿ ಇಲ್ಲದೆ ರೊಟ್ಟಿ ಮುರಿಯೋದಿಲ್ಲ.

ನಾನು ವಾಪಸ್ ಹೊರಡಲಿಲ್ಲ. ಟೆಂಪೋದ ಹಿಂದೆ ಕ್ರೇಟಿನ ಪಕ್ಕದಲ್ಲೇ ಕೂತು ಬುತ್ತಿ ಬಿಚ್ಚಿದೆ. ಐಸ್‌ಬರ್ಗಿನ ಎಲಿಯೊಂದನ್ನು ಹರಿದು, ಅದರೊಳಗೆ ಖಾರದ ಚಟ್ನಿಪುಡಿ, ನಮ್ಮ ಶೇಂಗಾ ಹಿಂಡಿ, ಉದುರಿಸಿ, ಹಸಿ ಎಣ್ಣಿ ಬಿಟ್ಟು, ಸುತ್ತಿ ರೊಟ್ಟಿ ಜೊತೆ ಕಚ್ಚಿದೆ. ಕರುಮ್ ಅಂತು.

“ಖಾರ ನಮ್ಮ ಹಿಂಡಿಯಾಗ ಐತ್ರಿ. ಎಲಿ ತಂಪು ಕೊಟ್ರ ಸಾಕು. ಈ ಬಿಸಲಾಗ ನೀರು ಅನ್ನೋದು ಬೈಗಳೇನ್ರಿ?” ಅಂದು ಆತನಿಗೂ ಒಂದು ಸುರುಳಿ ಕೊಟ್ಟೆ.

ನಿಂತಲ್ಲೇ ತಿಂದ. ಇನ್ನೊಂದು ಎಲಿ ತಾನೇ ಹರಿದುಕೊಂಡು ಹಿಂಡಿ ಡಬ್ಬಿಗೆ ಕೈ ಚಾಚಿದ.

ನಾನು ಮುಚ್ಚಳ ಹಾಕಿದೆ.

“ಮೊದಲ ಕ್ರೇಟ್ ಇಳಿಸ್ಕೋರಿ. ಆಮ್ಯಾಲ ಹಿಂಡಿ.”