ಬೋಳು ಕೈಯ ಸೊಸೆ

ಕೊತ್ತತ್ತಿಯಲ್ಲಿ ಯಾವ ಮನೆಯ ಸೊಸೆ ಗೊಣಗಿದರೂ ಅತ್ತೆಯರು ಬೆರಳು ಮಾಡಿ ತೋರಿಸುವುದು ನಮ್ಮ ಪಕ್ಕದ ಮನೆಯ ಜಯಶೀಲಳನ್ನೇ. ಲಕ್ವ ಹೊಡೆದು ಮಾತು ನಿಂತು, ಎಡಗೈ ಒಂದನ್ನು ಬಿಟ್ಟು ಮೈಯೆಲ್ಲ ಮರಗಟ್ಟಿದ ಅತ್ತೆ ಚನ್ನಾಜಮ್ಮನನ್ನು ನಾಲ್ಕು ವರ್ಷದಿಂದ ಒಬ್ಬಳೇ ನೋಡಿಕೊಳ್ಳುತ್ತಿದ್ದಾಳೆ. ಎರಡು ಗಂಟೆಗೊಮ್ಮೆ ಮೊಬೈಲಿನ ಅಲಾರಂ ಕೂಗುತ್ತದೆ. ಕೈಯಲ್ಲಿ ಮುದ್ದೆ ಕೋಲಿರಲಿ, ಸಗಣಿಯಿರಲಿ, ಓಡಿಹೋಗಿ ಅತ್ತೆಯ ಮಗ್ಗುಲು ಬದಲಾಯಿಸುತ್ತಾಳೆ. ಹಾಲಿನ ಡೈರಿಯ ಸಾಲಿನಲ್ಲಿ ಕಣ್ಣು ಬಿಟ್ಟುಕೊಂಡೇ ನಿದ್ದೆ ಹೊಡೆಯುತ್ತಾಳೆ. ಸಾಲು ಸರಿದರೆ ಆ ನಿದ್ದೆಯಲ್ಲೇ ಹೆಜ್ಜೆ ಹಾಕುತ್ತಾಳೆ. ನಗು ಮಾತ್ರ ತುಟಿಯ ಮೇಲೆ ಒಣಗಿಸಿಟ್ಟಂತೆ ಸದಾ ಇರುತ್ತದೆ. ‘ನಿನ್ ಗಂಡನ್ಗೂ ವಸಿ ಯೋಳಮ್ಮಿ’ ಅಂದರೆ, ‘ಗಂಡಸ್ರಿಗೆ ಇವೆಲ್ಲ ಎಲ್ ಬತ್ತವೆ ಬುಡಕ್ಕ’ ಅನ್ನುತ್ತಾಳೆ. ಅವಳು ನಡೆದರೆ ಸದ್ದೇ ಇಲ್ಲ. ಬೆನ್ನ ಹಿಂದೆ ಬಂದು ನಿಂತದ್ದು ತಿಳಿಯದೆ ನಾನೇ ಎಷ್ಟೋ ಸಲ ಬೆಚ್ಚಿದ್ದೇನೆ. ಗಂಡ ಗುಂಡುಕಲ್ಲಿನ ಹಾಗಿದ್ದರೂ ಅವಳ ಕೈ ಬೋಳು. ‘ಬಳೆ ಅತ್ತೆ ಮೈಗೆ ತರಚ್ತವೆ ಕಣಕ್ಕ’ ಅನ್ನುತ್ತಿದ್ದಳು. ಎಂಥ ಸೊಸೆ ಎಂದು ಕರಗಿ, ಮೊನ್ನೆ ಗೌರಿ ಹಬ್ಬಕ್ಕೆ ನಾನೇ ಒಂದು ಡಜನ್ ಹಸಿರು ಬಳೆ ತಂದು, ಅವಳ ಮನೆಗೇ ಹೋಗಿ, ಬೇಡ ಬೇಡ ಎಂದರೂ ಬಿಡದೆ ತೊಡಿಸಿದೆ. ಅವಳು ಕೈ ಎಳೆದುಕೊಂಡಳು; ಬಳೆಗಳು ಝಲ್ಲೆಂದವು. ಮಂಚದ ಮೇಲಿದ್ದ ಚನ್ನಾಜಮ್ಮ ಕಣ್ಣು ಬಿಗಿಯಾಗಿ ಮುಚ್ಚಿ, ಎಡಗೈ ಎತ್ತಿ ಕೆನ್ನೆಗೆ ಅಡ್ಡ ಹಿಡಿದಳು. ‘ಕೈ ಮಾಡಿದ್ದು ಒಂದೇ ಸಲ ಕಣಕ್ಕ’ ಎಂದು ಜಯಶೀಲ ಅದೇ ನಗುವಿನಲ್ಲಿ ಪಿಸುಗುಟ್ಟಿ, ಬಳೆ ಬಿಚ್ಚತೊಡಗಿದಳು. ಒಂದೊಂದು ಬಳೆಯ ಸದ್ದಿಗೂ ಮುದುಕಿಯ ಕೈ ಇನ್ನಷ್ಟು ಮೇಲೇರುತ್ತಿತ್ತು.