ಚಮಚದಮ್ಮ ಬರೆದ ಊಟದ ಡೈರಿ

ಡಯಾಲಿಸಿಸ್ ವಾರ್ಡಿನಲ್ಲಿ ಅವಳನ್ನು ಎಲ್ಲರೂ ಚಮಚದಮ್ಮ ಎಂದೇ ಕರೆಯುತ್ತಿದ್ದರು. ಅವಳ ಹುದ್ದೆ ಆಹಾರ ತಜ್ಞೆಯದು. ಕಿಡ್ನಿ ಕೈಕೊಟ್ಟು, ವಾರಕ್ಕೆ ಮೂರು ಸಲ ಬಂದು ಯಂತ್ರಕ್ಕೆ ತೋಳೊಡ್ಡಿ ನಾಲ್ಕು ಗಂಟೆ ಮಲಗುವವರ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಏನೇನು ತಿಂದಿರಿ, ಎಷ್ಟು ನೀರು ಕುಡಿದಿರಿ ಎಂದು ಕೇಳಿ ಬರೆದುಕೊಳ್ಳುವುದು ಅವಳ ಕೆಲಸ. ಹೆಗಲ ಚೀಲದ ತುಂಬ ಸಣ್ಣ ದೊಡ್ಡ ಚಮಚ, ಲೋಟ, ಬಟ್ಟಲುಗಳು. ಅವಳು ನಡೆದರೆ ಪಾತ್ರೆ ಅಂಗಡಿಯೇ ಎದ್ದು ಬಂದಂತೆ ಸದ್ದು. ಆ ಸದ್ದು ಕೇಳಿದರೆ ಸಾಕು, ಅರ್ಧ ವಾರ್ಡಿಗೆ ಗಾಢ ನಿದ್ದೆ ಬಂದುಬಿಡುತ್ತಿತ್ತು.

ಚೀಲ ಹುಟ್ಟಿಕೊಂಡದ್ದು ‘ಸ್ವಲ್ಪ’ ಎಂಬ ಮಾತಿನಿಂದ. ಏನು ಕೇಳಿದರೂ ‘ಸ್ವಲ್ಪ ತಿಂದೆ’ ಎನ್ನುವವರೇ. ಒಂದು ದಿನ ಬಟ್ಟಲು ಮುಂದಿಟ್ಟು, ತೋರಿಸಿ ಎಂದಳು. ದರ್ಜಿಯ ಸ್ವಲ್ಪ ಎರಡು ಚಮಚ. ಲಾರಿ ಡ್ರೈವರನ ಸ್ವಲ್ಪ ಹಿಡಿಸುವಂಥ ಪಾತ್ರೆ ಅವಳ ಚೀಲದಲ್ಲಿ ಇರಲೇ ಇಲ್ಲ.

ಹನ್ನೆರಡು ವರ್ಷ ಹೀಗೆ ಸುಳ್ಳು ಸೋಸಿ ಪಳಗಿದವಳಿಗೆ ನಿವೃತ್ತ ಹೆಡ್‌ಮಾಸ್ಟರೊಬ್ಬರು ಗಂಟುಬಿದ್ದರು. ಮೂರು ದಿನದ ಊಟ ಬರೆದು ತನ್ನಿ ಎಂದು ಕೊಟ್ಟ ಹಾಳೆಗೆ ಅವರು ಅಂಚಿನ ಗೆರೆ ಹೊಡೆದು, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ತುಂಬಿ ತಂದರು. ದಿನಕ್ಕೆ ಎರಡು ಮೊಟ್ಟೆಯ ಬಿಳಿ. ಉಪ್ಪಿನ ಸುಳಿವಿಲ್ಲ. ಹೇಳಿದ್ದಕ್ಕಿಂತ ಒಂದು ಗುಟುಕು ನೀರು ಹೆಚ್ಚಿಲ್ಲ. ಆದರೂ ಅವರ ರಕ್ತದಲ್ಲಿ ಪ್ರೋಟೀನ್ ತಿಂಗಳಿಂದ ತಿಂಗಳಿಗೆ ಇಳಿಯುತ್ತಿತ್ತು. ಮೈ ಅಂಗಿಯೊಳಗೆ ಕಳೆದುಹೋಗುತ್ತಿತ್ತು.

ಅವಳು ಹಾಳೆ ತಿರುವಿದಳು. “ಮೇಷ್ಟ್ರೇ, ಇವತ್ತು ಬುಧವಾರ ಅಲ್ವಾ?”

“ಹೌದಮ್ಮ.”

“ಗುರುವಾರ ರಾತ್ರಿ ಊಟನೂ ಬರೆದಿದ್ದೀರಲ್ಲ.”

ಹೆಡ್‌ಮಾಸ್ಟರು ಯಂತ್ರದ ಕಡೆ ಮುಖ ತಿರುಗಿಸಿದರು. “ನಮ್ಮನೇಲಿ ಎಲ್ಲಾ ಮೊದಲೇ ನಿಶ್ಚಯ ಆಗಿರುತ್ತೆ,” ಎಂದರು.

ಡಾಕ್ಟರಿಗೆ ಹೇಳಿ, ಮಾರನೆಯ ದಿನ ಮಧ್ಯಾಹ್ನ ಸರಿಯಾಗಿ ಊಟದ ಹೊತ್ತಿಗೆ ಅವಳು ಅವರ ಮನೆಯ ಬಾಗಿಲು ತಟ್ಟಿದಳು. ತೆಗೆದ ಹೆಂಡತಿಗೆ ಸಂತೋಷವೋ ಸಂತೋಷ. ಚಮಚದಮ್ಮ ಬರೆದುಕೊಟ್ಟ ಚೀಟಿಯನ್ನು ಒಲೆಯ ಮೇಲಿನ ಗೋಡೆಗೆ ಅಂಟಿಸಿಕೊಂಡಿದ್ದರು.

“ನೀವು ಹೇಳಿದ್ದು ಒಂದಕ್ಷರ ಮೀರಿಲ್ಲ ಕಣಮ್ಮ. ಇವರೂ ಅಷ್ಟೇ, ತೊಳೆದಿಟ್ಟ ಹಾಗೆ ತಟ್ಟೆ ಖಾಲಿ ಮಾಡ್ತಾರೆ. ಗಾಳಿ ಬೇಕು ಅಂತ ಬಾಲ್ಕನೀಲಿ ಕೂತು ಉಣ್ತಾರೆ, ಬನ್ನಿ.”

ಬಾಲ್ಕನಿಯಲ್ಲಿ ಹೆಡ್‌ಮಾಸ್ಟರು ಕೂತಿದ್ದರು. ಕಾಲ ಬಳಿ ಪಕ್ಕದ ಮನೆಯ ಬೆಕ್ಕು, ದಿಂಬಿನಷ್ಟು ದಪ್ಪ, ಮೊಟ್ಟೆಯ ಬಿಳಿಯನ್ನು ಸಾವಕಾಶವಾಗಿ ಅಗಿಯುತ್ತಿತ್ತು. ಕಣ್ಣು ಮುಚ್ಚಿ ಹಾಲು ಕುಡಿಯುವುದು ಬೆಕ್ಕಿನ ಸ್ವಭಾವ ಎನ್ನುತ್ತಾರೆ. ಇಲ್ಲಿ ಬೆಕ್ಕು ಕಣ್ಣರಳಿಸಿ ತಿನ್ನುತ್ತಿತ್ತು. ಕಣ್ಣು ಮುಚ್ಚಿಕೊಂಡವರು ಮೇಷ್ಟ್ರು.

“ರೀ,” ಎಂದರು ಹೆಂಡತಿ. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು.

“ನೀವೇ ಒಂದು ತುತ್ತು ತಿಂದು ನೋಡಿ ಮೇಡಂ,” ಎಂದರು ಹೆಡ್‌ಮಾಸ್ಟರು ಮೆಲ್ಲಗೆ. “ಆಮೇಲೆ ಬೈಯಿರಿ.”

ಹೆಂಡತಿ ಬೇರೆ ತಟ್ಟೆಯಲ್ಲಿ ಬಡಿಸಿ ತಂದರು. ಅವಳು ಬಾಯಿಗಿಟ್ಟಳು. ಅಗಿದಳು. ಇನ್ನಷ್ಟು ಅಗಿದಳು. ನುಂಗಲು ನೀರು ಬೇಕೆನಿಸಿತು; ಕೇಳಲು ನಾಚಿಕೆಯಾಯಿತು. ಹನ್ನೆರಡು ವರ್ಷದಿಂದ ಊರಿಗೆಲ್ಲ ಬರೆದುಕೊಟ್ಟ ಊಟವನ್ನು ಅವಳು ತಿಂದದ್ದು ಅದೇ ಮೊದಲು.

ಮನೆಗೆ ಬಂದವಳೇ, ಒಂದು ವಾರ ತನಗೂ ಅದೇ ಊಟ, ಅದೇ ಅಳತೆಯ ನೀರು ಎಂದಳು. “ನನಗೂನಾ?” ಎಂದು ಗಂಡ ಎದ್ದು ನಿಂತ. ನಿಮಗಲ್ಲ ಎಂದ ಮೇಲೆಯೇ ಕೂತದ್ದು. ಮೊದಲ ದಿನ ಹುಮ್ಮಸ್ಸಿನಲ್ಲಿ ಕಳೆಯಿತು. ಎರಡನೆಯ ದಿನ ನಾಲಗೆ ಒಣಬಟ್ಟೆಯಾಗಿ, ಗಂಡ ನೀರು ಕುಡಿಯುವಾಗ ಅವನ ಗಂಟಲನ್ನೇ ನೋಡುತ್ತ ಕೂತಳು. ಮೂರನೆಯ ದಿನ ಸಂಜೆ ಅತ್ತೆ ಅಡುಗೆಮನೆಗೆ ಬಂದಾಗ, ಸೊಸೆ ಡಬ್ಬಿಯೊಳಗೆ ಮೊಣಕೈವರೆಗೆ ಕೈ ಹಾಕಿ ಉಪ್ಪು ಕಡಲೆಕಾಯಿ ಮುಕ್ಕುತ್ತಿದ್ದಳು.

“ಎಷ್ಟು ತಿಂದೆ?” ಎಂದರು ಅತ್ತೆ.

“ಸ್ವಲ್ಪ, ಅತ್ತೆ.”

ಅತ್ತೆ ಡಬ್ಬಿ ಅಲುಗಿಸಿ ನೋಡಿದರು. ಸದ್ದೇ ಬರಲಿಲ್ಲ.

ಆಮೇಲೆ ಅವಳು ತನ್ನ ಊಟ ಬರೆದಿಡುತ್ತಿದ್ದ ಡೈರಿ ತೆರೆದು ‘ಸಂಜೆ: ಏನೂ ಇಲ್ಲ’ ಎಂದು ಬರೆದಳು. ಬರೆದು ಮುಗಿಸಿದ ಮೇಲೆಯೇ ಅವಳಿಗೆ ತಾನು ಬರೆದದ್ದು ಕಂಡದ್ದು. ಯಾರೂ ಕೇಳದ ಹಾಳೆಯಲ್ಲಿ, ತನಗೆ ತಾನೇ ಹೇಳಿಕೊಂಡ ಸುಳ್ಳು. ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ನಿಜ ಬರೆದಳು.

ಸೋಮವಾರ ಆ ಹಾಳೆಯನ್ನು ಹೆಡ್‌ಮಾಸ್ಟರ ಕೈಗೆ ಕೊಟ್ಟಳು. ಅವರು ಕನ್ನಡಕ ಏರಿಸಿ ಓದಿದರು. ನಗು ಬಂತು, ತೋಳು ಅಲುಗಿತು, ಯಂತ್ರ ಕೂಗಿಕೊಂಡಿತು, ನರ್ಸ್ ಓಡಿಬಂದು ಇಬ್ಬರನ್ನೂ ಗದರಿದಳು.

ನಗು ಇಳಿದ ಮೇಲೆ ಅವರು ಹೇಳಿದರು: “ನಮ್ಮನೆಯವಳು ಮೊಣಕಾಲು ನೋವಲ್ಲೂ ನಿಂತ್ಕೊಂಡು ಬೇಯಿಸ್ತಾಳೆ. ಸೇರಲ್ಲ ಅಂತ ಹೇಗೆ ಹೇಳಲಿ? ಬಾಯಿಯೇ ಬರಲ್ಲ. ಬೆಕ್ಕಿಗೆ ಆ ಕಷ್ಟ ಇಲ್ಲ.”

ಚಮಚದಮ್ಮ ಎರಡು ಭಾನುವಾರ ಅವರ ಅಡುಗೆಮನೆಯಲ್ಲಿ ಕಳೆದಳು. ಉಪ್ಪಿಲ್ಲದೆಯೂ ರುಚಿ ಬರಿಸುವುದು ಹೇಗೆಂದು ಅವಳೂ ಮೇಷ್ಟ್ರ ಹೆಂಡತಿಯೂ ಒಲೆಯ ಮುಂದೆ ತಲೆ ಕೆಡಿಸಿಕೊಂಡರು. ಮೊದಲ ಸಲ ಮೆಣಸು ಜಾಸ್ತಿಯಾಗಿ ಹೆಡ್‌ಮಾಸ್ಟರು ಹದಿನೇಳು ಸಲ ಸೀನಿದರು. ಎರಡನೆಯ ಸಲ ಮೊಟ್ಟೆಯ ಬಿಳಿಯನ್ನು ಬೆಳ್ಳುಳ್ಳಿ, ಈರುಳ್ಳಿ ಜೊತೆ ಬಾಣಲೆಯಲ್ಲಿ ಹುರಿದು, ನಿಂಬೆರಸ ನಾಲ್ಕು ಹನಿ ಹಿಂಡಿ ಕೊಟ್ಟರು. ಹೆಡ್‌ಮಾಸ್ಟರು ತಿಂದು, “ಪಾಸು,” ಎಂದರು. “ದರ್ಜೆ ಕೇಳಬೇಡಿ.”

ಮೂರು ತಿಂಗಳಿಗೆ ಅವರ ಪ್ರೋಟೀನ್ ಏರಿತು. ಇರಬೇಕಾದಷ್ಟಲ್ಲ, ಆದರೆ ಇಳಿಯುವುದು ನಿಂತು, ಏರುವ ಕಡೆ ಮುಖ ಮಾಡಿತು.

ಚಮಚದಮ್ಮ ಈಗ ಹಾಸಿಗೆಯ ಪಕ್ಕ ಕೂತು ಮೊದಲು ತಾನು ತಿಂದದ್ದನ್ನು ಹೇಳುತ್ತಾಳೆ, ತಿನ್ನಬಾರದ್ದನ್ನೂ ಸೇರಿಸಿ. ಕೇಳಿದವರ ಬಾಯಿ ತಾನಾಗಿ ಬಿಚ್ಚುತ್ತದೆ. ಮೊನ್ನೆ ಹೊಸದಾಗಿ ಬಂದ ಅಂಚೆಯವರು ನಿದ್ದೆ ನಟಿಸುವುದನ್ನು ಬಿಟ್ಟು ಕಣ್ಣು ತೆರೆದು, ನಿನ್ನೆ ಅರ್ಧ ಕಲ್ಲಂಗಡಿ ತಿಂದೆ ಎಂದು ಒಪ್ಪಿಕೊಂಡರು. ಅಷ್ಟಕ್ಕೇ ನಿಲ್ಲಿಸದೆ, ದನಿ ತಗ್ಗಿಸಿ ಕೇಳಿದರು: “ಮಿಕ್ಕರ್ಧ ಮನೇಲೇ ಇದೆ ಮೇಡಂ. ಏನು ಮಾಡ್ಲಿ?”