ಹೆಸರಿನ ನಡುವಿನ ತುಂಡು

ಮಾರ್ಕರಿನ ಮುಚ್ಚಳ ತೆಗೆದರೆ ಒಂದು ಘಾಟು ವಾಸನೆ ಬರುತ್ತದಲ್ಲ, ಇವತ್ತು ಬೆಳಿಗ್ಗೆ ಗೋಕಾಕದ ನನ್ನ ಕ್ಲಾಸಿನಲ್ಲಿ ಅದು ಮೂಗಿಗೆ ಬಡಿದದ್ದೇ ತಡ, ನಮ್ಮ ವೈನಿ ನೆನಪಾದರು. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಬೇರೆಯವರಿಗೆ ಅತ್ತಿಗೆಯರು ಮಲ್ಲಿಗೆಯ ಘಮಕ್ಕೋ ಒಗ್ಗರಣೆಯ ಘಮಕ್ಕೋ ನೆನಪಾಗುತ್ತಾರೇನೋ. ನಮ್ಮ ಮನೆಯ ರೀತಿಯೇ ಬೇರೆ; ನಾವಿಬ್ಬರೂ ಕೂತು ಕಲಿತ ಕ್ಲಾಸಿನಲ್ಲಿ ಇದೇ ವಾಸನೆ ತುಂಬಿರುತ್ತಿತ್ತು.

ಹತ್ತರಗಿಯಿಂದ ಮೂಡಲಗಿಗೆ ಸೊಸೆಯಾಗಿ ಬಂದ ವೈನಿ, ಎರಡು ಮಕ್ಕಳಾದ ಮೇಲೆ ನನ್ನ ಜೊತೆ ಗೋಕಾಕದ ಬಸ್ಸು ಹತ್ತಿ ಕಂಪ್ಯೂಟರ್ ಕಲಿಯಲು ಹೊರಟರು. ಕೋರ್ಸು ಪಾಸಾದರೆ ಊರಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಕಲಿಸುವ ಕೆಲಸ ಕೊಡುತ್ತೇವೆಂದು ಅಲ್ಲಿಯವರು ಮಾತು ಕೊಟ್ಟಿದ್ದರು. ನಾನು ಡಿಗ್ರಿ ಮುಗಿಸಿದ ಗತ್ತಿನಲ್ಲಿ ಕಿಟಕಿಯ ಪಕ್ಕ ಕೂತು ತೂಕಡಿಸುತ್ತಿದ್ದೆ. ಅರಭಾವಿಯಲ್ಲಿ ಕಾಲೇಜಿನ ಹುಡುಗರು ನುಗ್ಗಿ ಗದ್ದಲವೆಬ್ಬಿಸಿದರೂ ವೈನಿ ಮಾತ್ರ ಪಾಠ ಗುನುಗುವುದನ್ನು ಬಿಡುತ್ತಿರಲಿಲ್ಲ.

ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅಕ್ಷರಗಳ ಸರಕ್ಕೆ ಸ್ಟ್ರಿಂಗ್ ಎನ್ನುತ್ತಾರೆ. ಅದರ ಜೊತೆಗೇ ಒಂದಿಷ್ಟು ಸಿದ್ಧ ಮೆಥಡ್‌ಗಳು, ಎಂದರೆ ಕೆಲಸ ಮಾಡಿಕೊಡುವ ಆದೇಶಗಳು, ಬರುತ್ತವೆ. ಸ್ಟ್ರಿಪ್ ಅಂಚಿನ ಖಾಲಿ ಜಾಗವನ್ನು ತೆಗೆಯುತ್ತದೆ, ಸ್ಪ್ಲಿಟ್ ಸಾಲನ್ನು ತುಂಡು ಮಾಡುತ್ತದೆ, ರಿಪ್ಲೇಸ್ ಒಂದನ್ನು ಎಬ್ಬಿಸಿ ಅಲ್ಲಿ ಇನ್ನೊಂದನ್ನು ಕೂರಿಸುತ್ತದೆ. ನಾನು ಇವನ್ನೆಲ್ಲ ಬಾಯಿಪಾಠ ಮಾಡಲು ಒದ್ದಾಡುತ್ತಿದ್ದರೆ ವೈನಿ ನಕ್ಕಿದ್ದರು. "ಮೆಂತೆ ಪಲ್ಯಾ ಸೋಸೂದು, ಹೆಚ್ಚೂದು ಇದ್ದಂಗ ಐತಲ್ಲವಾ. ಅದಕ್ಕ್ಯಾಕ ಇಷ್ಟ ಅಂಜತಿ?"

ಪರೀಕ್ಷೆಯ ದಿನ ಬೆಳಗಾವಿಯಿಂದ ಪರೀಕ್ಷಕರೊಬ್ಬರು ಬಂದರು. ನಿಮ್ಮ ಪೂರ್ತಿ ಹೆಸರು ಟೈಪ್ ಮಾಡಿ, ಸ್ಪ್ಲಿಟ್ ಮಾಡಿ, ಬಂದ ತುಂಡುಗಳನ್ನು ಜೋರಾಗಿ ಓದಿ ವಿವರಿಸಿ ಎಂದರು. ನಮ್ಮ ಕಡೆ ಮದುವೆಯಾದ ಹೆಣ್ಣಿನ ಪೂರ್ತಿ ಹೆಸರು ಎಂದರೆ ತನ್ನ ಹೆಸರು, ಗಂಡನ ಹೆಸರು, ಆಮೇಲೆ ಅಡ್ಡಹೆಸರು. ವೈನಿಯ ಪರದೆಯ ಮೇಲೆ ಮೂರು ತುಂಡುಗಳು ನೆಟ್ಟಗೆ ಬಂದು ಕೂತವು. ಮೊದಲನೆಯದನ್ನು ಸಲೀಸಾಗಿ ಓದಿದರು. ಎರಡನೆಯದಕ್ಕೆ ಬಂದು ನಿಂತುಬಿಟ್ಟರು.

ಮದುವೆಯಾದಾಗಿನಿಂದ ವೈನಿ ಗಂಡನ ಹೆಸರು ಹಿಡಿದವರಲ್ಲ. ಅಣ್ಣನನ್ನು ಕರೆಯಬೇಕಾದರೆ ಬಳೆ ಸದ್ದು ಮಾಡುತ್ತಿದ್ದರು, ಇಲ್ಲವೇ ಮಗನನ್ನು ಕೂಗುತ್ತಿದ್ದರು. ಅಪ್ಪ, ಮಗ ಇಬ್ಬರೂ ಓಡಿಬರುತ್ತಿದ್ದರು.

"ಓದ್ರಿ ಅಕ್ಕಾರ," ಎಂದರು ಪರೀಕ್ಷಕರು. "ಓದಲಿಲ್ಲಂದ್ರ ಮಾರ್ಕ್ಸ್ ಹೆಂಗ ಕೊಡ್ಲಿ? ನಿಮಗ ತಿಳದೈತೋ ಇಲ್ಲೋ ನನಗ ಗೊತ್ತಾಗಬೇಕಲ್ರಿ."

ವೈನಿಯ ಕಿವಿ ಕೆಂಪಾಯಿತು. ಹಿಂದಿನ ಬೆಂಚಿನಲ್ಲಿದ್ದ ನಾನು ಅರ್ಧ ಎದ್ದೆ. ಇಷ್ಟು ದಿನ ಓಡಾಡಿದ್ದು, ಆ ಕೆಲಸ, ಎಲ್ಲ ಒಂದು ಹೆಸರಿಗಾಗಿ ಹೋಗಬೇಕೇ? ನಾನಾಗಿದ್ದರೆ ಹೇಳಿಬಿಡುತ್ತಿದ್ದೆ ಎಂದುಕೊಂಡೆ. ನನಗಿನ್ನೂ ಮದುವೆಯೇ ಆಗಿರಲಿಲ್ಲ, ಧೈರ್ಯಕ್ಕೇನು ಕಡಿಮೆ!

"ಇನ್ನೊಂದ ಸಾಲ ಬರೀಲೇನ್ರಿ ಸರ?" ವೈನಿ ಮೆಲ್ಲಗೆ ಕೇಳಿದರು.

ಅವರು ಹೂಂ ಎಂದರು. ವೈನಿ ಒಂದು ಸಾಲು ಬರೆದು, ನಡುವೆ ಹೆಸರಿನ ಜಾಗಕ್ಕೆ ಒಂದು ಚುಕ್ಕಿ ಇಟ್ಟರು. ರಿಪ್ಲೇಸ್ ಕೊಟ್ಟು ಆ ಚುಕ್ಕಿಯನ್ನು ಎಬ್ಬಿಸಿ, ಎರಡನೆಯ ತುಂಡನ್ನು ಅಲ್ಲಿ ಕೂರಿಸಿದರು. ಎದ್ದು ನಿಂತು, ಸೆರಗು ತಲೆಯ ಮೇಲೆ ಎಳೆದುಕೊಂಡು, ಮದುವೆ ಮನೆಯ ಗಟ್ಟಿ ದನಿಯಲ್ಲಿ ಓದಿದರು:

"ಗೋಕಾಕ ಕರದಂಟಿಗೆ ಅಂಟು, ಬೆಲ್ಲ, ಭೀಮಪ್ಪನಂಥಾವ್ರು ಎಲ್ಲೂ ಇಲ್ಲ!"

ಒಡಪು! ಗಂಡನ ಹೆಸರನ್ನು ಪ್ರಾಸದ ಸಾಲಿನೊಳಗೆ ಕೂಡಿಸಿ ಹೇಳುವ ನಮ್ಮ ಪದ್ಧತಿ. ಒಡಪಿನೊಳಗೆ ಹೆಸರು ಹೇಳಲು ಯಾವ ಸಂಕೋಚವೂ ಇಲ್ಲ. ಅದೆಲ್ಲ ಮುದುಕಿಯರ ಆಟ ಎಂದು ನಗುತ್ತಿದ್ದ ನಾನೇ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದೆ.

ಪರೀಕ್ಷಕರೂ ನಕ್ಕರು. "ಬ್ಯಾರೆ ಹೆಸರ ಹಾಕಿದ್ರ ನಡೀತೈತೇನ್ರಿ?"

"ಯಾರ ಹೆಸರ ಹಾಕಿದ್ರೂ ನಡೀತೈತ್ರಿ ಸರ. ನಾ ಓದೂದು ಮಾತ್ರ ಇದೊಂದ."

ವೈನಿ ಪಾಸಾದರು, ಕೆಲಸವೂ ಸಿಕ್ಕಿತು. ಆ ಸಂಜೆ ಅಣ್ಣ ನನ್ನನ್ನು ಹಿತ್ತಲಿಗೆ ಕರೆದು, "ಏನಂದ್ಲು? ಇನ್ನೊಮ್ಮಿ ಹೇಳ," ಎಂದು ಎಷ್ಟು ಸಲ ಕೇಳಿದನೋ! ನನಗೂ ಹೇಳಿ ಸಾಕಾಗಲಿಲ್ಲ. ಅಷ್ಟು ಹೆಮ್ಮೆ.

ಇವತ್ತು ರಿಪ್ಲೇಸ್ ಪಾಠಕ್ಕೆ ವೈನಿಯ ಆ ಸಾಲನ್ನೇ ಬೋರ್ಡಿನ ಮೇಲೆ ಬರೆದೆ. ಹುಕ್ಕೇರಿಯಿಂದ ಬರುವ ಹುಡುಗಿಯೊಬ್ಬಳು ಕೇಳಿದಳು: "ಇದನ್ನ ಯಾರ ಬರದಾರ್ರಿ ಟೀಚರ್?"

ಯಾರು ಹೀಗೆ ಕೇಳಿದರೂ ಪ್ರತಿ ಸಲ "ನಮ್ಮ ವೈನಿ" ಎಂದು ಮುಗಿಸುತ್ತಿದ್ದೆ. ಅಣ್ಣನ ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ರೂಢಿ ನಮ್ಮಲ್ಲಿಲ್ಲ. ಇಷ್ಟು ಹೊತ್ತು ನಿಮಗೂ ಹೇಳಲಿಲ್ಲ ನೋಡಿ. ಆದರೆ ಇಷ್ಟು ಚೆಂದದ ಕೆಲಸ ಮಾಡಿದವರ ಹೆಸರು ಆ ಹುಡುಗಿಗೆ ಗೊತ್ತಾಗಬೇಡವೇ? ಸಾಲಿನ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದೆ. ಬರೆದು, ಇಡೀ ಕ್ಲಾಸಿಗೆ ಕೇಳುವಂತೆ ಓದಿದೆ:

"ನೀಲವ್ವ."